ದೋಸೆಯ ಆಸೆ, ಕತ್ತರಿಯ ಆಟ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ದಾವಣಗೆರೆಯ ನಮ್ಮ ಮನೆ ಜಗುಲಿಯಲ್ಲಿ ಸಂಜೆ ಏಳೆಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ತಿಂಗಳು ಟೆಸ್ಟಲ್ಲಿ 25ಕ್ಕೆ 25 ತೆಗೆದವರಿಗೆ ಬೆಣ್ಣೆ ದೋಸೆ ಅಂತ ಆಸೆ ತೋರಿಸಿದೆ. ಮೂವರು ತೆಗೆದರು, ದೋಸೆಯನ್ನೂ ತಿಂದರು. ಮರುದಿನದಿಂದ ಶುರುವಾಯಿತು ನೋಡಿ. ಹೊಸ ಲೆಕ್ಕ ಕೊಟ್ಟರೆ ಸಾಕು, “ಸರ್, ಇದಕ್ಕೆ ದೋಸೆ ಐತಾ?” ಇಲ್ಲ ಅಂದರೆ ಪೆನ್ನು ಕೆಳಗೆ.

1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲೂ ಹೀಗೇ ಆಗಿತ್ತು. ಚಿತ್ರ ಬರೆಯೋದು ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡ್ತೀವಿ ಅಂತ ಹೇಳಿ ಬರೆಸಿದರು. ಒಂದೆರಡು ವಾರದ ನಂತರ ಆ ಮಕ್ಕಳು ತಾವಾಗಿ ಬರೆಯೋದು ಕಮ್ಮಿಯಾಗಿತ್ತು.

ನನಗೆ ಜಾಸ್ತಿ ತಟ್ಟಿದ್ದು ಸಮಾಂತರ ಚತುರ್ಭುಜದ ದಿನ. ವಿಸ್ತೀರ್ಣ ಅಂದರೆ ಪಾದ ಗುಣಿಸು ಎತ್ತರ, ಎಲ್ಲರಿಗೂ ಬಾಯಿಪಾಠ. ಅದೇ ಆಕೃತಿಯನ್ನು ಎತ್ತಿ ನಿಲ್ಲಿಸಿ ಬರೆದೆ. ಈಗ ಮೇಲಿನ ಮೂಲೆಯಿಂದ ಲಂಬ ಎಳೆದರೆ ಪಾದದ ಮೇಲೆ ಬೀಳದೆ ಆಚೆ ಬೀಳುತ್ತದೆ. ಎಲ್ಲರೂ ಗಪ್‌ಚಿಪ್. “ಸರ್, ಇದು ನಮ್ಗೆ ಹೇಳಿಕೊಟ್ಟಿಲ್ಲ.”

ಈ ಉಪಾಯ ನನ್ನದಲ್ಲ. ಮ್ಯಾಕ್ಸ್ ವರ್ತೈಮರ್ ಅನ್ನುವ ಮನಶ್ಶಾಸ್ತ್ರಜ್ಞರು ಶಾಲೆಯೊಂದರಲ್ಲಿ ಹೀಗೇ ಚಿತ್ರ ಬರೆದು, ಹೆಚ್ಚುಕಮ್ಮಿ ಇದೇ ಉತ್ತರ ಕೇಳಿಸಿಕೊಂಡಿದ್ದರು. ಅವರ ಬರಹ ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1945ರಲ್ಲಿ. ಹೇಳಿಕೊಟ್ಟದ್ದನ್ನು ಒಪ್ಪಿಸೋದು ಬೇರೆ, ಲೆಕ್ಕದ ಒಳಗೆ ಏನಿದೆ ಅಂತ ಕಂಡು ಯೋಚಿಸೋದು ಬೇರೆ ಅಂತ ಅವರ ವಾದ. ನಾವೋ, ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಮಕ್ಕಳನ್ನು ಮೋಟಿವೇಶನ್ ಭಾಷಣಕ್ಕೆ ಕೂರಿಸುತ್ತೇವೆ. ಚಪ್ಪಾಳೆ ಮುಗಿದ ಮೇಲೂ ಲೆಕ್ಕ ಅರ್ಥವಾಗಿರೋದಿಲ್ಲ. ಅರ್ಥವಾಗದ್ದರ ಮೇಲೆ ಆಸಕ್ತಿ ಎಲ್ಲಿಂದ ಬರಬೇಕು?

ಆವತ್ತು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ ಪೇಪರ್ ಪಕ್ಕದಲ್ಲಿತ್ತು. ಎಣ್ಣೆ ತಾಗದ ಕಡೆ ಅದೇ ಆಕೃತಿ ಕತ್ತರಿಸಿ, ಕತ್ತರಿ ಸಮೇತ ಮಕ್ಕಳ ಮುಂದಿಟ್ಟು ಸುಮ್ನೆ ಕೂತೆ. (ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೇ ಗೊತ್ತು.) ಹತ್ತು ನಿಮಿಷ ಏನೂ ಇಲ್ಲ. ಆಮೇಲೆ, ಯಾವಾಗಲೂ ಗೋಡೆಗೆ ಒರಗಿ ಕೂರುವ ಹುಡುಗಿಯೊಬ್ಬಳು ಪೇಪರನ್ನು ತಿರುಗಿಸಿ ಉದ್ದನೆಯ ಬದಿಯನ್ನು ಕೆಳಗೆ ಮಾಡಿಕೊಂಡಳು. ಒಂದು ತುದಿಯ ತ್ರಿಕೋನ ಕತ್ತರಿಸಿ ಇನ್ನೊಂದು ತುದಿಗೆ ಕೂರಿಸಿದಳು. ಆಯತ!

“ಅಯ್ಯ, ಈ ಕಡೆದು ಆ ಕಡೆ ಹೋತು, ಅಷ್ಟೇ ಅಲ್ವಾ ಸರ್!”

ಏಳೂವರೆಗೆ ಅವಳಪ್ಪ ಬಂದು ಬೈಕ್ ಹಾರ್ನ್ ಹೊಡೆದರು. ಅವಳು ಏಳಲಿಲ್ಲ. “ಸರ್, ಹಂಗಾದ್ರೆ ತ್ರಾಪಿಜ್ಯನ ಎಲ್ಲಿ ಕತ್ತರಿಸ್ಬೇಕು?” ಅಂದಳು. ನಾನು ಹೇಳಲಿಲ್ಲ. ಕತ್ತರಿ ಈಗ ಅವಳ ಬ್ಯಾಗಲ್ಲಿದೆ, ಇನ್ನೂ ವಾಪಸ್ ಬಂದಿಲ್ಲ.