ಪಾಳುಬಿದ್ದ ಹೊಲಮನೆ: ಮೊದಲು ನೋಡಬೇಕಾದದ್ದು ತಿಪ್ಪೆಯನ್ನು

ಬಿಟ್ಟುಹೋದ ಹೊಲಮನೆಯೊಂದು ಕಂಡರೆ, ಅಲ್ಲಿದ್ದವರ ಬದುಕನ್ನು ತಿಳಿಯಲು ಎಲ್ಲರೂ ಹೋಗಿ ನಿಲ್ಲುವುದು ಒಲೆಯ ಹತ್ತಿರ, ಹೊಸ್ತಿಲ ಹತ್ತಿರ. ನನ್ನನ್ನು ಕೇಳಿದರೆ ಅಲ್ಲಿಂದ ಶುರು ಮಾಡುವುದೇ ತಪ್ಪು. ಬದುಕಿದ್ದ ಮನೆಯ ನೆಲವನ್ನು ಗುಡಿಸಿರುತ್ತಾರೆ. ಬಿಟ್ಟು ಹೊರಡುವಾಗ ಕೆಲಸಕ್ಕೆ ಬರುವುದನ್ನೆಲ್ಲ, ಬಾಗಿಲು ತೊಲೆಗಳನ್ನೂ ಕೂಡ, ಹೊತ್ತೊಯ್ದಿರುತ್ತಾರೆ. ಒಳಗೆ ಉಳಿಯುವುದು ಯಾರಿಗೂ ಬೇಡವಾದದ್ದು. ಅದನ್ನು ನೋಡಿ ‘ಇಲ್ಲಿದ್ದವರು ಕಡು ಬಡವರು’ ಎಂದು ತೀರ್ಪು ಕೊಟ್ಟುಬಿಡುವವರಿದ್ದಾರೆ!

ದಿನದಿನದ ಬದುಕು ಸಿಗುವುದು ತಿಪ್ಪೆಯಲ್ಲಿ. ಮೂಳೆ, ಬೂದಿ, ಒಡೆದ ಮಡಕೆ, ಸುಟ್ಟು ಕರಿಯಾದ ಕಾಳು ಎಲ್ಲ ಪದರ ಪದರವಾಗಿ ಬಿದ್ದಿರುತ್ತವೆ. ಪದರಗಳನ್ನು ಬೆರೆಸದೆ ಒಂದೊಂದನ್ನೇ ತೆಗೆದು, ಪ್ರತಿಯೊಂದರ ಮಣ್ಣನ್ನೂ ಬೇರೆ ಬೇರೆ ಜರಡಿ ಹಿಡಿಯಬೇಕು. ಹೆಗ್ಗಣದ ಬಿಲ, ಬೇರು ಇರುವ ಕಡೆ ಹುಷಾರು: ಮೇಲಿನ ಪದರದ ಗಾಜಿನ ಚೂರು ಅದರೊಳಗೆ ಜಾರಿ ಕೆಳಗಿನ ಹಳೆಯ ಪದರದಲ್ಲಿ ಕೂತಿರುತ್ತದೆ.

ಕೊಟ್ಟಿಗೆಯ ಗೋಡೆ ಪೂರ್ತಿ ಹೋಗಿದ್ದರೂ ಅದರ ಜಾಗವನ್ನು ಮಣ್ಣೇ ಹೇಳಬಲ್ಲದು. ಸಗಣಿ, ಗಂಜಲದಿಂದ ಸೇರಿದ ಫಾಸ್ಫೇಟ್ ಮಣ್ಣಿನಲ್ಲಿ ಶತಮಾನಗಟ್ಟಲೆ ಉಳಿಯುತ್ತದೆ. 1920ರ ದಶಕದಲ್ಲಿ ಸಕ್ಕರೆ ಬೀಟ್ ಬೆಳೆಗೆಂದು ಮಣ್ಣು ಪರೀಕ್ಷಿಸುತ್ತಿದ್ದ ಸ್ವೀಡನ್ನಿನ ಓಲೋಫ್ ಅರೇನಿಯಸ್ ಗಮನಿಸಿದ್ದು ಇದನ್ನೇ, ಹಳೆಯ ವಸತಿಗಳಿದ್ದಲ್ಲಿ ಫಾಸ್ಫೇಟ್ ಜಾಸ್ತಿ. ಅಂಗಳದ ಉದ್ದಗಲಕ್ಕೂ 2 ಮೀಟರಿಗೊಂದರಂತೆ ಮಾದರಿ ತೆಗೆಯಿರಿ. ಹೋಲಿಸಲು ಆಚೆ ಗೊಬ್ಬರ ಬೀಳದ ಜಾಗದ ಮಣ್ಣೂ ಬೇಕು, ಅದಿಲ್ಲದಿದ್ದರೆ ಅಂಕಿಗಳಿಗೆ ಅರ್ಥವಿಲ್ಲ.

ಗೋಡೆಯ ಗುರುತು ಹುಡುಕಲು ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಸಾಕು, ಒಂದು ಗೇಣು ಎತ್ತರದ ದಿಣ್ಣೆಯೂ ನೆರಳು ಚೆಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ಇನ್ನೂ ಒಳ್ಳೆಯದು: ಹೂತ ತಳಪಾಯದ ಮೇಲಿನ ಹುಲ್ಲು ಬೇಗ ಹಳದಿಯಾಗುತ್ತದೆ, ಮುಚ್ಚಿಹೋದ ಗುಂಡಿಯ ಮೇಲಿನದು ಹಸಿರಾಗಿಯೇ ಇರುತ್ತದೆ. ಮಣ್ಣಿನ ಗೋಡೆಯಾದರೆ ಸೂರು ಹೋದ ಮೇಲೆ ತಲೆಯಿಂದ ಕರಗುತ್ತದೆ, ಬುಡದಲ್ಲಿ ಮಳೆಹನಿಯ ಸಿಡಿತ, ಉಪ್ಪು ಕೊರೆಯುತ್ತವೆ. ಕೊನೆಗೆ ಉಳಿಯುವ ಗುಡ್ಡೆ ಗೋಡೆಗಿಂತ ಎಷ್ಟೋ ಪಟ್ಟು ಅಗಲ. ಗುಡ್ಡೆಯ ಅಗಲವನ್ನೇ ಗೋಡೆಯ ಅಗಲವೆಂದು ಬರೆದುಕೊಳ್ಳುವುದು ಹೊಸಬರ ಮಾಮೂಲು ತಪ್ಪು. ಅಳತೆಗೆ ಮೊಬೈಲಿನ ಜಿಪಿಎಸ್ ನಂಬಬೇಡಿ, ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಎರಡು ಗೂಟ, ನಡುವೆ ಬಿಗಿದ 30 ಮೀಟರ್ ಟೇಪು, ಅದಕ್ಕೆ ಲಂಬವಾಗಿ ಇನ್ನೊಂದು ಟೇಪು. ನಕ್ಷೆಯ ಪ್ರಮಾಣ ಇಡೀ ಜಾಗಕ್ಕೆ 1:100, ಗೋಡೆಗಳಿಗೆ 1:20.

ಕಾಲ ಹೇಳುವಾಗ ಅವಸರ ಬೇಡ. ಸೀಸೆಯ ಅಚ್ಚಿನ ಗೆರೆ ಬಾಯಿಯ ಅಂಚನ್ನೂ ದಾಟಿದ್ದರೆ ಅದು ಯಂತ್ರದ ಸೀಸೆ, ಅಂದರೆ 20ನೇ ಶತಮಾನದ್ದು ಎಂದು ಸಾಮಾನ್ಯವಾಗಿ ಹೇಳಬಹುದು. ನಾಲ್ಕು ಮೂಲೆಯ, ತುದಿಗೆ ಸಪೂರಾಗುವ ಮೊಳೆ ತಂತಿಮೊಳೆಗಿಂತ ಹಳೆಯದು, ಆದರೆ ಕಿತ್ತ ಮೊಳೆಯನ್ನು ಮತ್ತೆ ಬಡಿಯುವುದು ರೈತರಿಗೆ ಹೊಸದೇ? ಪದರದಲ್ಲಿ 1890ರ ನಾಣ್ಯ ಸಿಕ್ಕರೆ ಆ ಪದರ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ತಿಳಿಯುತ್ತದೆ.

ಬಿಟ್ಟುಹೋದ ವರ್ಷ ಹೇಳುವುದಂತೂ ಇನ್ನೂ ಕಷ್ಟ. ಐಸ್‌ಲ್ಯಾಂಡಿನ ಸ್ಟೋಂಗ್ ಹೊಲಮನೆಯನ್ನು 1939ರಲ್ಲಿ ಅಗೆದರು. 1104ರ ಹೆಕ್ಲಾ ಜ್ವಾಲಾಮುಖಿಯ ಬೂದಿಗೆ ಅದು ಪಾಳುಬಿತ್ತೆಂದು ಬಹುಕಾಲ ನಂಬಿದ್ದರು. ಬೂದಿ ಬಿದ್ದ ಮೇಲೂ ಜನ ಅಲ್ಲಿದ್ದರೆಂಬ ವಾದ ಆಮೇಲೆ ಬಂತು. ಬೂದಿಯ ಪದರದಷ್ಟು ಸ್ಪಷ್ಟ ಗುರುತಿದ್ದಲ್ಲೇ ಈ ಪಾಡು. ಜನ ಒಂದೇ ದಿನ ಹೊರಡುವುದಿಲ್ಲ, ಮನೆ ಖಾಲಿಯಾದರೂ ಕೊಟ್ಟಿಗೆಯಲ್ಲಿ ದನ ಕಟ್ಟುತ್ತಾರೆ, ಅದೂ ಬಿದ್ದ ಮೇಲೆ ಕಲ್ಲು ಒಯ್ಯುತ್ತಾರೆ.

ಸಿಕ್ಕಿದ ಕಬ್ಬಿಣವನ್ನು ತೊಳೆಯಬೇಡಿ, ಒಣಗಿಸಿ ಇಡಿ. ಇದ್ದಿಲಿಗೂ ನೀರು ಮುಟ್ಟಿಸಬೇಡಿ. ಹಳೆಯ ಬಾವಿಗೆ ಮಾತ್ರ ಇಳಿಯಲೇಬೇಡಿ, ಒಳಗಿನ ಕೆಟ್ಟ ಗಾಳಿ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ.