ಅಕ್ಕಿ ಕಾಳಿನಷ್ಟು ಚಿಪ್, ಸವೆದ ಹೆಬ್ಬೆರಳು

ಕೈಯೊಳಗೆ ಚಿಪ್ ಇರಿಸಿಕೊಂಡ ಆಸಾಮಿಯೊಬ್ಬ ಬಾಗಿಲ ಮುಂದೆ ಕೈ ಆಡಿಸುವ, ಬಾಗಿಲು ತಾನೇ ತೆರೆದುಕೊಳ್ಳುವ ವಿಡಿಯೊ ನಿಮಗೂ ಬಂದಿರುತ್ತದೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವ ನಿವೃತ್ತರಿಗಂತೂ ತಲೆಗೆ ಮೂರರಂತೆ ಬಂದಿದೆ. ಅಲ್ಲಿಂದ ಮುಂದೆ ಸಕ್ಕರೆ ಕಾಯಿಲೆ, ಪಿಂಚಣಿ ಪರಿಷ್ಕರಣೆಗಳು ಬದಿಗೆ ಸರಿದು, ಮನುಷ್ಯನಿಗೆ ಆರನೆಯ ಇಂದ್ರಿಯ ಯಾವ ವರ್ಷ ಮಂಜೂರಾಗುತ್ತದೆ ಎಂಬ ಚರ್ಚೆ ನಡೆದಿದೆ. "ಇನ್ನು ಹತ್ತು ವರ್ಷ ಸಾರ್, ಬೀಗದ ಕೈ ಎನ್ನುವುದೇ ಇರುವುದಿಲ್ಲ" ಎಂದು ಘೋಷಿಸಿದ ಹಿರಿಯರು ಅದೇ ದಿನ ಬೀಗದ ಕೈಯನ್ನು ಮನೆಯೊಳಗೇ ಮರೆತು, ಸೊಸೆ ಆಫೀಸಿನಿಂದ ಬರುವ ತನಕ ಜಗಲಿಯ ಮೇಲೆ ಕುಳಿತು ಭವಿಷ್ಯದ ಬಗ್ಗೆ ಚಿಂತಿಸಿದರು.

ಸುದ್ದಿಯೇನೂ ಹೊಸದಲ್ಲ. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ತ್ರೀ ಸ್ಕ್ವೇರ್ ಮಾರ್ಕೆಟ್ ಎಂಬ ಕಂಪನಿಯ ಹಲವು ನೌಕರರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ವಇಚ್ಛೆಯಿಂದ ಚಿಪ್ ಚುಚ್ಚಿಸಿಕೊಂಡರು. ಚಿಪ್‌ನ ಗಾತ್ರ ಅಕ್ಕಿ ಕಾಳಿನಷ್ಟು ಎಂದು ಎಲ್ಲ ಪತ್ರಿಕೆಗಳೂ ಬರೆದವು. ಮಂಡ್ಯದವರಿಗೆ ಇಷ್ಟು ಹೇಳಿದರೆ ಸಾಲದು. ಯಾವ ಅಕ್ಕಿ? ರಾಜಮುಡಿಯೋ, ಸೋನಾ ಮಸೂರಿಯೋ, ಪಡಿತರದ್ದೋ? ಪಡಿತರದ್ದಾದರೆ ನುಚ್ಚೂ ಸೇರಿರುತ್ತದೆ, ಅರ್ಧ ಚಿಪ್ಪೇ ಒಳಗೆ ಹೋದೀತು. ಇರಲಿ. ಆ ನೌಕರರು ಚಿಪ್ಪಿನಿಂದ ಮಾಡಿದ್ದೇನು ಎಂದರೆ ಬಾಗಿಲು ತೆರೆದದ್ದು, ಕಂಪ್ಯೂಟರಿಗೆ ಲಾಗಿನ್ ಆದದ್ದು, ಊಟದ ಕೋಣೆಯಲ್ಲಿ ಕುರುಕಲು ತಿಂಡಿ ಕೊಂಡದ್ದು. ಪೊಟ್ಟಣ ತಿಂಡಿಗೆ ಚರ್ಮ ಕೊರೆಸಿಕೊಳ್ಳುವಷ್ಟು ನಾವಿನ್ನೂ ಮುಂದುವರಿದಿಲ್ಲ. ನಮ್ಮ ಬೀದಿಯ ಅಂಗಡಿಯಲ್ಲಿ "ಲೆಕ್ಕಕ್ಕೆ ಬರೆದುಕೊಳ್ಳಿ" ಎಂದರೆ ಆಗುತ್ತದೆ.

ಅದಕ್ಕೂ ಬಹಳ ಹಿಂದೆ, 1998ರಲ್ಲೇ, ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಕೆವಿನ್ ವಾರ್ವಿಕ್ ತೋಳಿನಲ್ಲಿ ಚಿಪ್ ಇರಿಸಿಕೊಂಡು ಓಡಾಡಿದ್ದರು. ಅವರು ಬಂದರೆ ವಿಭಾಗದ ಬಾಗಿಲು ತೆರೆಯುತ್ತಿತ್ತು, ದೀಪ ಹೊತ್ತಿಕೊಳ್ಳುತ್ತಿತ್ತು. ಪ್ರಾಧ್ಯಾಪಕರು ಬಂದದ್ದು ಯಾವಾಗ, ಹೋದದ್ದು ಯಾವಾಗ ಎಂಬುದನ್ನು ಕಟ್ಟಡವೇ ಗುರುತಿಟ್ಟುಕೊಳ್ಳುವ ಇಂಥ ವ್ಯವಸ್ಥೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಏಕೆ ತರಲಿಲ್ಲ ಎಂದು ಯಾರೂ ಕೇಳಬಾರದು. 2002ರಲ್ಲಿ ಅದೇ ವಾರ್ವಿಕ್ ಕೈಯ ನರಕ್ಕೆ ನೂರು ವಿದ್ಯುದಗ್ರಗಳ (ಎಲೆಕ್ಟ್ರೋಡ್‌ಗಳ) ತುಣುಕೊಂದನ್ನು ಕೂರಿಸಿಕೊಂಡರು, ಹೆಂಡತಿಯ ಕೈಗೂ ವಿದ್ಯುದಗ್ರ ಹಾಕಿಸಿದರು. ಆಕೆ ಕೈ ಮುಚ್ಚಿ ತೆರೆದರೆ ಇವರ ನರಕ್ಕೆ ಮಿಡಿತ ಬರುತ್ತಿತ್ತು. ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಓದಿ ಹೇಳಿದೆ. "ಅಷ್ಟು ಮಾಡಿದ ಮೇಲೂ ಹೆಂಡತಿ ಹೇಳಿದ್ದು ಕೇಳಿಸಿತೇ?" ಎಂಬ ಪ್ರಶ್ನೆ ಬಂತು. ಸಂಶೋಧನೆ ಅಲ್ಲಿಯವರೆಗೆ ಹೋದಂತಿಲ್ಲ.

ಇನ್ನು ನೀಲ್ ಹಾರ್ಬಿಸನ್. ಹುಟ್ಟಿನಿಂದಲೇ ಬಣ್ಣಗಳು ಕಾಣದ ಈ ಕಲಾವಿದ ತಲೆಬುರುಡೆಗೇ ಆಂಟೆನಾ ನೆಡಿಸಿಕೊಂಡರು. ಬಣ್ಣಗಳು ಅವರಿಗೆ ಸ್ವರಗಳಾಗಿ ಕೇಳುತ್ತವೆ. ನಮ್ಮ ಕಣ್ಣಿಗೆ ದಕ್ಕದ ಅವಕೆಂಪು, ಅತಿನೇರಳೆಗಳೂ ಕೇಳುತ್ತವೆ. ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿಯವರು ಮೊದಲು, ಫೋಟೊದಲ್ಲಿ ವಿದ್ಯುನ್ಮಾನ ಉಪಕರಣ ಇರಕೂಡದು ಎಂದರು. ಇದು ಉಪಕರಣವಲ್ಲ, ನನ್ನ ದೇಹದ ಭಾಗ ಎಂದು ಆತ ವಾದಿಸಿದರು. ಕಚೇರಿ ಒಪ್ಪಿತು. ಈ ಕೊನೆಯ ಎರಡು ಪದಗಳನ್ನು ನಾನು ಮತ್ತೆ ಮತ್ತೆ ಓದಿದೆ. ಆಂಟೆನಾ ಇರುವ ತಲೆಯನ್ನು ಅಲ್ಲಿ ಒಪ್ಪುತ್ತಾರೆ. ಇಲ್ಲಿ ಹೆಸರಿನ ಹಿಂದಿನ ಇನಿಷಿಯಲ್ ಮುಂದೆ ಬಂದರೆ ಮನುಷ್ಯನನ್ನೇ ಒಪ್ಪುವುದಿಲ್ಲ, ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ತರಬೇಕು.

ಮೂನ್ ರಿಬಾಸ್ ಎಂಬ ನರ್ತಕಿಯೊಬ್ಬರಿದ್ದಾರೆ. ಜಗತ್ತಿನ ಎಲ್ಲಿ ಭೂಮಿ ನಡುಗಿದರೂ ತಮ್ಮ ಮೈ ಕಂಪಿಸುವಂತೆ ಸಂವೇದಕ ಹಾಕಿಸಿಕೊಂಡು, ಆ ಕಂಪನಕ್ಕೆ ತಕ್ಕಂತೆ ವೇದಿಕೆಯ ಮೇಲೆ ಕುಣಿದವರು. ಆಕೆಯನ್ನು ಪಾಂಡವಪುರದ ಬೇಬಿ ಬೆಟ್ಟದ ಬಳಿ ಒಂದು ತಿಂಗಳು ಕೂರಿಸಬಹುದಿತ್ತು. ಕಲ್ಲು ಗಣಿಗಳ ಸ್ಫೋಟದಿಂದ ಕೆಆರ್‌ಎಸ್ ಅಣೆಕಟ್ಟೆಗೆ ಧಕ್ಕೆಯಾಗುತ್ತದೆಯೇ ಎಂದು ತಿಳಿಯಲು ನಮ್ಮವರು ಕಂಡುಕೊಂಡ ಉಪಾಯ ನಿಮಗೆ ನೆನಪಿದೆಯಲ್ಲ? ಪರೀಕ್ಷಾರ್ಥ ಸ್ಫೋಟ. ಸಿಡಿಸಿ ನೋಡೋಣ, ಬಿರುಕು ಬಿಟ್ಟರೆ ಹಾನಿ ಇದೆ ಎಂದು ಗೊತ್ತಾಗುತ್ತದೆ. ರೈತರು ರಸ್ತೆಗಿಳಿದು ತಡೆಯಬೇಕಾಯಿತು. ಆ ರೈತರ ಮೈಯಲ್ಲಿ ಯಾವ ಸಂವೇದಕವೂ ಇರಲಿಲ್ಲ.

ಅಂದ ಹಾಗೆ ಇಂದ್ರಿಯಗಳು ಐದೇ ಎಂದವರು ಯಾರು? ಅರಿಸ್ಟಾಟಲ್ ಹೇಳಿಹೋದ, ಶಾಲೆಗಳು ಇನ್ನೂ ಬಾಯಿಪಾಠ ಮಾಡಿಸುತ್ತಿವೆ. ನಮ್ಮ ಹಿರಿಯರು ಜ್ಞಾನೇಂದ್ರಿಯ ಐದು, ಕರ್ಮೇಂದ್ರಿಯ ಐದು, ಮನಸ್ಸು ಹನ್ನೊಂದನೆಯದು ಎಂದು ಲೆಕ್ಕ ಬರೆದಿಟ್ಟರು. ಆರನೆಯ ಹುದ್ದೆ ನಮ್ಮಲ್ಲಿ ಎಂದೋ ಭರ್ತಿಯಾಗಿದೆ. ಶರೀರಶಾಸ್ತ್ರದವರನ್ನು ಕೇಳಿದರೆ ಸಮತೋಲನ, ನೋವು, ಶಾಖ, ಹಸಿವು ಬಾಯಾರಿಕೆಯಂಥ ಒಳಗಿನ ಸುದ್ದಿಗಳು ಎಂದು ಪಟ್ಟಿ ಉದ್ದವಾಗುತ್ತದೆ, ಒಟ್ಟು ಎಷ್ಟು ಎಂಬ ವಿಷಯದಲ್ಲಿ ಅವರಿಗೇ ಒಮ್ಮತವಿಲ್ಲ. ಕಣ್ಣು ಮುಚ್ಚಿದರೂ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ಸ್ನಾಯು ಮತ್ತು ಕೀಲುಗಳು ಮಿದುಳಿಗೆ ವರದಿ ಒಪ್ಪಿಸುತ್ತಲೇ ಇರುತ್ತವೆ. ಇದಕ್ಕೆ 1906ರಲ್ಲಿ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. ಅವರು ಚಾಮುಂಡಿ ಬೆಟ್ಟದ ಬಸ್ಸು ಹತ್ತಿದ್ದರೆ ಕೆಲಸ ಸುಲಭವಾಗುತ್ತಿತ್ತು. ನಿರ್ವಾಹಕನ ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದು ಕೈಯಲ್ಲಿ ಉಚಿತ ಟಿಕೆಟ್ಟಿನ ಹೆಂಗಸರ ಆಧಾರ್ ಕಾರ್ಡು, ಬೆರಳ ಸಂದಿಯಲ್ಲಿ ಮಡಚಿದ ನೋಟು, ಕಾಲ ಬಳಿ ಯಾರದೋ ತೆಂಗಿನಕಾಯಿ ಚೀಲ. ಬಸ್ಸು ತಿರುವಿನಲ್ಲಿ ಒಂದು ಕಡೆಗೆ ವಾಲುತ್ತದೆ, ಅರವತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಿರ್ವಾಹಕ ಮಾತ್ರ ಎಲ್ಲಿಯೂ ಹಿಡಿದುಕೊಳ್ಳದೆ ನಿಂತು ಎರಡು ರೂಪಾಯಿ ಚಿಲ್ಲರೆ ಕೇಳುತ್ತಿರುತ್ತಾನೆ.

ಖಾರದ ಕಥೆಯಂತೂ ಇನ್ನೂ ಸೊಗಸು. ಖಾರ ರುಚಿಯೇ ಅಲ್ಲವಂತೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್, ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಹಿಡಿದುಕೊಂಡು ಹುಡುಕುತ್ತಾ ಹೋಗಿ, ಅದು ತಟ್ಟುವುದು ನರಗಳಲ್ಲಿರುವ ಶಾಖ ಮತ್ತು ನೋವಿನ ಬಾಗಿಲನ್ನು ಎಂದು ತೋರಿಸಿದರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆಯುವ ಆ ಬಾಗಿಲು ಮೆಣಸಿನಕಾಯಿಗೂ ತೆರೆಯುತ್ತದೆ. ಒತ್ತಡವನ್ನು ಅರಿಯುವ ಬಾಗಿಲುಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ ಅವರಿಗೆ 2021ರ ನೊಬೆಲ್ ಬಂತು. ಮಂಡ್ಯದ ಬೀಗರ ಊಟದಲ್ಲಿ ನಾಟಿ ಕೋಳಿ ಸಾರಿಗೆ ಮುದ್ದೆ ಅದ್ದಿದ ಬೆಂಗಳೂರಿನ ನೆಂಟನನ್ನು ನೋಡಿ. ಬಾಯಿಗೆ ಬೆಂಕಿ ಬಿದ್ದಿದೆ ಎಂಬ ಸುಳ್ಳು ದೂರು ಮಿದುಳಿಗೆ ಹೋಗುತ್ತದೆ. ಮಿದುಳು ಕಡತ ತರಿಸದೆ, ಸ್ಥಳ ಪರಿಶೀಲನೆಗೆ ದಿನ ಗೊತ್ತುಮಾಡದೆ, ತಕ್ಷಣ ಬೆವರು, ಕಣ್ಣೀರು, ಮೂಗಿನ ನೀರನ್ನು ಬಿಡುಗಡೆ ಮಾಡುತ್ತದೆ. ನಿಜವಾದ ದೂರಿಗೂ ಇಷ್ಟು ಚುರುಕಾಗಿ ಓಗೊಡುವ ಕಚೇರಿಯನ್ನು ನಾನು ಹೊರಗೆ ಕಂಡಿಲ್ಲ. ನೆಂಟ ನೀರು ಕುಡಿಯುತ್ತಾನೆ, ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ. ಮೊಸರು ಹಾಕಿಸಿಕೊಳ್ಳೋ ಎಂದು ಅಜ್ಜಿ ಆಗಿನಿಂದ ಕೂಗುತ್ತಿದ್ದಾಳೆ, ಅವಳ ಮಾತು ನೊಬೆಲ್ ಬಂದ ಮೇಲೂ ನಡೆಯುವುದಿಲ್ಲ.

ಆ ಪಟಪೂಟಿಯನ್ ಅವರ ಬಾಗಿಲುಗಳಲ್ಲಿ ಪಿಯೆಜೊ-2 ಎಂಬುದೊಂದಿದೆ. ಮೂತ್ರಕೋಶ ತುಂಬಿದೆ ಎಂದು ತಿಳಿಸುವ ಕೆಲಸದಲ್ಲಿಯೂ ಅದಕ್ಕೆ ಪಾಲುಂಟು. ಈ ಇಂದ್ರಿಯ ಹೆಂಗಸರಿಗೂ ಇದೆ ಎಂಬುದು ನಮ್ಮ ನಗರ ಯೋಜಕರಿಗೆ ಇನ್ನೂ ಗೊತ್ತಾಗಿಲ್ಲ. 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಎನಿಸಿಕೊಂಡ ಊರು ನಮ್ಮದು. ಬೆಳಗ್ಗೆ ಹೂವಿನ ಬುಟ್ಟಿ ಇಳಿಸಿ ಬೀದಿ ಬದಿಯಲ್ಲಿ ಕೂರುವ ಹೆಂಗಸರು ಸಂಜೆಯ ತನಕ ನೀರೇ ಕುಡಿಯುವುದಿಲ್ಲ. ಏಕೆ ಎಂದು ಕೇಳುವ ಅಗತ್ಯವಿಲ್ಲ, ಬೀಗ ಹಾಕಿದ ಶೌಚಾಲಯ ನಿಮಗೂ ಗೊತ್ತಿದೆ.

ಬೆರಳಿನ ತುದಿಗೆ ಸಣ್ಣ ಅಯಸ್ಕಾಂತ ಹೊಲಿಸಿಕೊಳ್ಳುವವರೂ ಇದ್ದಾರೆ. ಮೈಕ್ರೊವೇವ್ ಒಲೆಯ ಬಳಿ, ಟ್ರಾನ್ಸ್‌ಫಾರ್ಮರಿನ ಬಳಿ ಹೋದರೆ ಬೆರಳು ಜುಮ್ಮೆನ್ನುತ್ತದೆಯಂತೆ. ಆಗಲಿ, ಜುಮ್ಮೆನ್ನಲಿ. ನನಗೆ ಗೊತ್ತಿರುವ ಬೆರಳೊಂದಿದೆ. ಮಂಡ್ಯದ ಕಡೆಯ ಆಲೆಮನೆಯಲ್ಲಿ ಪಾಕದ ಹದ ನೋಡುವವರದ್ದು. ಕೊಪ್ಪರಿಗೆಯಲ್ಲಿ ಗುಳ್ಳೆ ಒಡೆಯುವ ಸದ್ದು ಕೇಳಿಯೇ ಅವರು ಅರ್ಧ ತೀರ್ಮಾನಕ್ಕೆ ಬಂದಿರುತ್ತಾರೆ. ಆಮೇಲೆ ಎರಡು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸುತ್ತಾರೆ. ಉಂಡೆ ಕಟ್ಟಿತೋ, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವನಿಗೆ ಒಂದು ಸನ್ನೆ. ಸ್ವಲ್ಪ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ಸ್ವಲ್ಪ ತಡವಾದರೆ ಬೆಲ್ಲ ಕಪ್ಪಾಗಿ ಕಹಿಯಾಗುತ್ತದೆ. ಥರ್ಮಾಮೀಟರ್ ತಂದುಕೊಟ್ಟ ಮಾಲೀಕನ ಮಗ ಎರಡು ಅಡುಗೆ ಹಾಳು ಮಾಡಿ ಅದನ್ನು ಗೋಡೆಗೆ ತೂಗುಹಾಕಿದ್ದಾನೆ.

ಇದೇ ಹೆಬ್ಬೆರಳು ನ್ಯಾಯಬೆಲೆ ಅಂಗಡಿಯ ಮಷೀನಿನ ಮೇಲೆ ಕೂತರೆ ಕೆಂಪು ದೀಪ. ಒರೆಸಿ ಇಡಿ ಅಣ್ಣ. ಕೆಂಪು. ತಲೆಗೂದಲಿಗೆ ಉಜ್ಜಿ, ಸ್ವಲ್ಪ ಎಣ್ಣೆ ಪಸೆ ಹತ್ತಲಿ. ಕೆಂಪು. ಎಡಗೈಯದ್ದು ಇಡಿ. ಸರ್ವರ್ ಇಲ್ಲ. ಸರ್ವರ್ ಬಂತು, ಈಗ ಇಡಿ. ಕೆಂಪು. ವರ್ಷಗಟ್ಟಲೆ ಬಿಸಿ ಪಾಕ ಉರುಳಿಸಿದ ಬೆರಳಿನ ಗೆರೆಗಳು ಸವೆದುಹೋಗಿವೆ. ಅಂಗಡಿಯವನು ಕೆಟ್ಟವನಲ್ಲ, ಒಂದೇ ಶಾಲೆಯಲ್ಲಿ ಜೊತೆಗೆ ಓದಿದವನು. "ಏನು ಮಾಡಲಿ ಅಣ್ಣ, ನಾನು ನಿಮ್ಮನ್ನು ಗುರುತಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ" ಎಂದ. ಕೊನೆಗೆ ಅದೇ ಕಾರ್ಡಿನಲ್ಲಿ ಹೆಸರಿರುವ ಮಗ ಬೆಂಗಳೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದು ಬೆರಳು ಒತ್ತಿ ಹೋದ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ದುಡಿದು ಬೆರಳು ಸವೆಸಿಕೊಂಡವನಿಗೆ, ದುಡಿದದ್ದಕ್ಕಾಗಿಯೇ ಅನ್ನ ತಪ್ಪುವ ಯಂತ್ರವನ್ನು ತಂದಿಟ್ಟಿದ್ದೇವೆ. ಕೆಲಸವಿಲ್ಲದೆ ಕೂತು ಅಂಕಣ ಬರೆಯುವ ನನ್ನ ಹೆಬ್ಬೆರಳನ್ನು ಅದು ಒಂದೇ ಸಲಕ್ಕೆ ಗುರುತಿಸುತ್ತದೆ. ಕಳ್ಳತನ ತಡೆಯಲು ತಂದದ್ದು ಎನ್ನುತ್ತಾರೆ. ಲಾರಿಗಟ್ಟಲೆ ಅಕ್ಕಿ ಕಾಳಸಂತೆಗೆ ಹೋದ ಸುದ್ದಿ ಈಗಲೂ ಬರುತ್ತದೆ, ಆ ಲಾರಿಯ ಬೆರಳನ್ನು ಯಾರೂ ಒತ್ತಿಸಿಕೊಳ್ಳುವುದಿಲ್ಲ.

ಇಷ್ಟನ್ನೂ ನಮ್ಮ ಬಡಾವಣೆಯ ಎಂಜಿನಿಯರ್ ಹುಡುಗನ ಮುಂದೆ ಹೇಳಿಕೊಂಡೆ. ಅವನ ಮುಖ ಅರಳಿತು. "ಇದಕ್ಕೇ ಅಂಕಲ್ ಚಿಪ್ ಬೇಕಾಗಿರುವುದು. ಬೆರಳು ಸವೆಯುತ್ತದೆ, ಚಿಪ್ ಸವೆಯುವುದಿಲ್ಲ."

ಸವೆಯುವುದಿಲ್ಲ, ನಿಜ. ಅದನ್ನು ಮಾಡಿದ ಕಂಪನಿ ಸವೆಯುತ್ತದೆ. ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿ ಆರ್ಗಸ್-2 ಎಂಬ ಕೃತಕ ಅಕ್ಷಿಪಟವನ್ನು ತಯಾರಿಸಿತು. ಅರವತ್ತು ವಿದ್ಯುದಗ್ರಗಳದ್ದು, 2013ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆದದ್ದು. ಕತ್ತಲಲ್ಲಿದ್ದವರಿಗೆ ಬೆಳಕಿನ ಮಿಣುಕು, ಬಾಗಿಲಿನ ಚೌಕಟ್ಟು ಕಂಡಿತು. ವ್ಯಾಪಾರ ಗಿಟ್ಟಲಿಲ್ಲ, 2020ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು. ರಿಪೇರಿ ಇಲ್ಲ, ಬಿಡಿಭಾಗ ಇಲ್ಲ. ಯಂತ್ರ ಮಾತ್ರ ಕಣ್ಣೊಳಗೇ ಉಳಿಯಿತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿ ಕೇಳದ ಮಕ್ಕಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಬಂದ ತಾಯಂದಿರು ಮಗುವಿನ ಪಕ್ಕದಲ್ಲಿ ಕುಳಿತು ತಾವೂ ಪಾಠ ಕಲಿಯುತ್ತಾರೆ. ಅಂಥ ಮಕ್ಕಳಲ್ಲಿ ಹಲವರ ಕಿವಿಯೊಳಗೆ, ಸದ್ದನ್ನು ನೇರವಾಗಿ ನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರುತ್ತದೆ. ಇಪ್ಪತ್ತು ಚಿಲ್ಲರೆ ವಿದ್ಯುದಗ್ರಗಳು, ಸದ್ದನ್ನು ಹಿಡಿಯುವ ಸಾವಿರಾರು ಕೇಶಕೋಶಗಳ ಕೆಲಸಕ್ಕೆ ನಿಂತಿವೆ, ಮಗು "ಅಮ್ಮ" ಎನ್ನುತ್ತದೆ. ಇದಕ್ಕಿಂತ ದೊಡ್ಡ ಚಮತ್ಕಾರ ಆ ಬಾಗಿಲು ತೆರೆಯುವ ವಿಡಿಯೊದಲ್ಲಿ ಇಲ್ಲ. ಆದರೆ ಒಳಗಿನ ಭಾಗ ಗಟ್ಟಿ, ಹೊರಗೆ ಕಿವಿಯ ಹಿಂದೆ ತೂಗುವ ಪ್ರೊಸೆಸರ್ ಗಟ್ಟಿಯಲ್ಲ. ಮಗು ಆಡುತ್ತದೆ, ಬೀಳುತ್ತದೆ, ಬೆವರುತ್ತದೆ. ವೈರು ತುಂಡಾಗುತ್ತದೆ, ಬ್ಯಾಟರಿ ಮುಗಿಯುತ್ತದೆ. ವಾರಂಟಿ ದಾಟಿದ ಮೇಲೆ ಕಂಪನಿ, ಆ ಮಾದರಿ ನಿಂತುಹೋಯಿತು, ಹೊಸದು ಕೊಳ್ಳಿ ಎನ್ನುತ್ತದೆ. ಅದರ ಬೆಲೆ ಲಕ್ಷಗಳಲ್ಲಿ. ಶಸ್ತ್ರಚಿಕಿತ್ಸೆಗೆ ಯೋಜನೆ ಇತ್ತು, ಫಲಾನುಭವಿಯ ಜೊತೆ ಫೋಟೊ ಇತ್ತು. ಈಗ ತಾಯಿ ಓಲೆ ಅಡವಿಡಲು ಅಂಗಡಿ ಹುಡುಕುತ್ತಾಳೆ, ಅಲ್ಲಿಯವರೆಗೆ ಮಗು ಮತ್ತೆ ಕಿವುಡು.

ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. "ಅದು ಹಳೆಯ ತಂತ್ರಜ್ಞಾನ ಅಂಕಲ್, ಮುಂದಿನ ಚಿಪ್‌ನಲ್ಲಿ ಎಲ್ಲ ಸರಿಯಾಗುತ್ತದೆ" ಎಂದ. ಮುಂದಿನದನ್ನು ಹಾಕುವಾಗ ಹಿಂದಿನದನ್ನು ತೆಗೆಯುವವರು ಯಾರು, ಖರ್ಚು ಯಾರದು, ಅದಕ್ಕೂ ಬೆರಳಚ್ಚು ಕೊಡಬೇಕೇ ಎಂದು ಕೇಳಿದೆ. ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಮೊಬೈಲಿಗೆ ಒಟಿಪಿ ಬಂತು, ಕ್ಷಮಿಸಿ ಎಂದು ಎದ್ದುಹೋದ.