ನೆಟೆ ರೋಗದ ಅಧ್ಯಯನಕ್ಕೆ ಒಂದೇ ವಿಧಾನ ಸಾಲದು

2019ರಲ್ಲಿ ನಮ್ಮ ಕಲಬುರಗಿಯ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಎಲ್ಲರೂ ಹೆಮ್ಮೆಪಟ್ಟೆವು. ಅದೇ ತೊಗರಿ 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ತುತ್ತಾಗಿ ಹೊಲ ಹೊಲಗಳಲ್ಲಿ ನಿಂತಲ್ಲೇ ಒಣಗಿತು. ಆಮೇಲೆ ನಡೆದ ಚರ್ಚೆಯೆಲ್ಲ ಔಷಧಿ, ಬೀಜ, ಪರಿಹಾರಧನದ ಸುತ್ತಲೇ ತಿರುಗಿತು. ಇಂಥ ಸಮಸ್ಯೆಯನ್ನು ಒಂದೇ ಶಾಸ್ತ್ರದ ಕೈಗೆ ಒಪ್ಪಿಸಿದರೆ ಪ್ರತಿಸಲವೂ ಅರ್ಧ ಉತ್ತರವೇ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಣಗಿದ ಗಿಡದ ಕಾಂಡವನ್ನು ಸೀಳಿ ನೋಡಿ: ತೊಗಟೆಯ ಕೆಳಗೆ, ಬೇರಿನಿಂದ ಮೇಲಕ್ಕೆ ಹರಿದ ಕಂದುಗಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಶಿಲೀಂಧ್ರವು ನೀರು ಏರುವ ನಾಳಗಳನ್ನು ಕಟ್ಟಿಹಾಕಿದ ಗುರುತು ಅದು. ಇಷ್ಟನ್ನು ಪ್ರಯೋಗಾಲಯ ನಿಖರವಾಗಿ ಹೇಳಬಲ್ಲದು. ಆದರೆ ಆ ಶಿಲೀಂಧ್ರ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ಗೊತ್ತಿದ್ದೂ ರೈತರು ಅದೇ ಹೊಲದಲ್ಲಿ ಮತ್ತೆ ತೊಗರಿಯನ್ನೇ ಏಕೆ ಬಿತ್ತುತ್ತಾರೆ ಎಂಬುದಕ್ಕೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ಜೋಳದ ಜೊತೆ ಬೆಳೆದ ತೊಗರಿಗೆ ನೆಟೆಯ ಕಾಟ ಕಡಿಮೆ. ಹಾಗಿದ್ದೂ ಜೋಳವನ್ನು ಬಿಟ್ಟವರು ಏಕೆ ಬಿಟ್ಟರು, ಅದರ ಹಿಂದೆ ಕೂಲಿಯ ಅಭಾವವಿದೆಯೋ, ಮಾರುಕಟ್ಟೆಯ ದರವಿದೆಯೋ, ಮನೆಮಂದಿ ಗುಳೆ ಹೋಗುವ ಲೆಕ್ಕಾಚಾರವಿದೆಯೋ ಎಂಬುದನ್ನು ಆಳಂದ, ಸೇಡಂ ಕಡೆಯ ಹಳ್ಳಿಗಳಲ್ಲಿ ಕುಳಿತೇ ಕೇಳಬೇಕು. ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಮೊದಲು ಕೇಳಬೇಕು. ಬದುಗಳ ಸ್ಥಿತಿಗತಿ ಅವರಷ್ಟು ಬಲ್ಲವರಿಲ್ಲ.

ಬಿಡಿ ಭಾಗಗಳನ್ನಲ್ಲದೆ ಅವುಗಳ ನಡುವಿನ ಸಂಬಂಧವನ್ನೂ ಒಟ್ಟಾಗಿ ನೋಡುವ ವ್ಯವಸ್ಥಾ ವಿಜ್ಞಾನದಲ್ಲಿ ಇದಕ್ಕೆ ದಾರಿಗಳಿವೆ. ಜೇ ಫಾರೆಸ್ಟರ್ 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಸಿಸ್ಟಂ ಡೈನಮಿಕ್ಸ್’ ಎಂಬ ಲೆಕ್ಕದ ಮಾದರಿ ಬಳಸಿದರೆ, ದರ ಏರಿದಾಗ ತೊಗರಿಯ ಕ್ಷೇತ್ರ ಹಿಗ್ಗಿ, ಮಣ್ಣಿನಲ್ಲಿ ರೋಗ ಬೇರೂರಿ, ಇಳುವರಿ ಕುಸಿದು ದರ ಮತ್ತೆ ಏರುವ ಸುಳಿಯನ್ನು ಲೆಕ್ಕಕ್ಕೆ ಇಳಿಸಿ ಪರೀಕ್ಷಿಸಬಹುದು. ವ್ಯವಸ್ಥಾ ವಿಜ್ಞಾನಿ ಪೀಟರ್ ಚೆಕ್‌ಲ್ಯಾಂಡ್ ಅವರ ವಿಧಾನವಾದರೋ, ಸಮಸ್ಯೆ ಯಾವುದೆಂಬುದರಲ್ಲೇ ಜನರಿಗೆ ಒಮ್ಮತವಿಲ್ಲ ಎಂಬಲ್ಲಿಂದ ಹೊರಡುತ್ತದೆ. ಇಂಥ ಬೇರೆ ಬೇರೆ ವಿಧಾನಗಳನ್ನು ಹೆಣೆದು ಬಳಸಬೇಕೆಂದು ಅದೇ ಕ್ಷೇತ್ರದ ವಿದ್ವಾಂಸ ಜಾನ್ ಮಿಂಗರ್ಸ್ 1990ರ ದಶಕದಿಂದಲೇ ವಾದಿಸಿದ್ದಾರೆ.

ಹೆಣೆಯುವುದೆಂದರೆ ಮೂರು ವರದಿಗಳನ್ನು ಒಂದೇ ರಟ್ಟಿನೊಳಗೆ ಹೊಲಿಯುವುದಲ್ಲ. ರೋಗ ನಿರೋಧಕ ತಳಿ ಪ್ರಯೋಗದ ತಾಕಿನಲ್ಲಿ ಗೆದ್ದು ರೈತರ ಹೊಲದಲ್ಲಿ ಸೋತರೆ, ಎರಡರ ಸರಾಸರಿ ತೆಗೆದು ಕೈತೊಳೆದುಕೊಳ್ಳಬಾರದು. ಆ ಹೊಲದ ಎರೆಮಣ್ಣಿನಲ್ಲಿ ಮಳೆನೀರು ನಿಂತಿತ್ತೇ, ಗಿಡ ಕೊಂದದ್ದು ನೆಟೆಯಲ್ಲದೆ ಬೇರುಕೊಳೆ ರೋಗವೇ, ಬಿತ್ತಿದ್ದು ನಿಜಕ್ಕೂ ಅದೇ ಬೀಜವೇ ಎಂದು ಅಲ್ಲಿಯೇ ಅಗೆಯಬೇಕು. ಆದ್ದರಿಂದ ರೋಗಶಾಸ್ತ್ರಜ್ಞರು, ಲೆಕ್ಕದ ಮಾದರಿ ಕಟ್ಟುವವರು, ಜನರ ಮಾತು ದಾಖಲಿಸುವವರು ಒಟ್ಟಿಗೆ, ಒಂದೇ ಹೊಲಕ್ಕೆ, ರಾಶಿಗೆ ಮುಂಚೆಯೇ ಹೋಗಬೇಕು. ರಾಶಿ ಮುಗಿದ ಮೇಲೆ ಹೋದರೆ ಸೀಳಿ ನೋಡಲು ಗಿಡವೂ ಇರುವುದಿಲ್ಲ, ಮಾತನಾಡಿಸಲು ಗುಳೆ ಹೋದ ಮನೆಯವರೂ ಸಿಗುವುದಿಲ್ಲ.